ಟ್ರಾಯ್ ಕೇಳಿದಾಗ ಇಳಕಲ್ ಉತ್ತರ ಕೊಡಬೇಕು

ಇಳಕಲ್ಲಿನ ನೇಕಾರರು ಮಗ್ಗದಿಂದ ಸೀರೆ ಇಳಿಸ್ತಾರೆ. ಕೆಂಪು ಟೋಪ ತೆನಿ ಸೆರಗು ಹರವಿ, ಗೋಮಿ ದಡಿ ಕಾಣುವ ಹಾಗೆ ಫೋಟೊ ತೆಗೆದು ಸೊಲ್ಲಾಪುರದ ವ್ಯಾಪಾರಿಗೆ ಕಳಿಸ್ತಾರೆ. ದೊಡ್ಡ ಕಂಪನಿಯ ಜಾಹೀರಾತು ಎಷ್ಟು ಸಲೀಸಾಗಿ ಹೋಗುತ್ತೋ, ಈ ಫೋಟೊನೂ ಅಷ್ಟೇ ಸಲೀಸಾಗಿ, ಅದೇ ದರಕ್ಕೆ ಹೋಗಬೇಕು. ನೆಟ್ ನ್ಯೂಟ್ರಾಲಿಟಿ ಅಂದ್ರೆ ಇದೇ.

2015ರಲ್ಲಿ ಇದಕ್ಕೇ ಕುತ್ತು ಬಂದಿತ್ತು. ಫೇಸ್‌ಬುಕ್ ತನ್ನ 'ಫ್ರೀ ಬೇಸಿಕ್ಸ್' ತಂತು. ಅದರಲ್ಲಿ ಸೇರಿಸಿಕೊಂಡ ಸೈಟುಗಳು ಪುಕ್ಕಟೆ, ಮಿಕ್ಕಿದ್ದಕ್ಕೆ ಡೇಟಾ ಖರ್ಚು. ಪುಕ್ಕಟೆ ಅಂದ್ರೆ ಯಾರಿಗೆ ಬೇಡ? ಆದರೆ ಆ ಪಟ್ಟಿಯಲ್ಲಿ ಇಲ್ಲದ ಸಣ್ಣ ಅಂಗಡಿಯ ಪುಟವನ್ನು ಕಾಸು ಕೊಟ್ಟು ಯಾರು ತೆರೆದು ನೋಡ್ತಾರೆ?

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದ್ರೆ ಟ್ರಾಯ್, ಆ ಡಿಸೆಂಬರ್‌ನಲ್ಲಿ ಜನರ ಮುಂದೆ ನಾಲ್ಕು ಪ್ರಶ್ನೆ ಇಟ್ಟಿತು. ಬೇರೆ ಬೇರೆ ಸೈಟಿಗೆ ಬೇರೆ ಬೇರೆ ದರ ಹಾಕಲು ಬಿಡಬೇಕೇ ಅನ್ನೋದು ಮುಖ್ಯವಾದದ್ದು. ಸುಮಾರು 24 ಲಕ್ಷ ಅಭಿಪ್ರಾಯ ಬಂದವು. ಅದರಲ್ಲಿ ಸುಮಾರು 19 ಲಕ್ಷ, ಫ್ರೀ ಬೇಸಿಕ್ಸ್ ಪರವಾಗಿ ಮೊದಲೇ ಸಿದ್ಧಮಾಡಿಟ್ಟ ಒಂದೇ ನಮೂನೆಯ ಪತ್ರಗಳು. ತಲೆ ಎಣಿಸಿದ್ದರೆ ಫೇಸ್‌ಬುಕ್ ಗೆದ್ದಾಗಿತ್ತು! ನಾವು ಕೇಳಿದ ಪ್ರಶ್ನೆಗೆ ಇವು ಉತ್ತರ ಅಲ್ಲ ಅಂತ ಟ್ರಾಯ್ ಕಡ್ಡಿ ಮುರಿದ ಹಾಗೆ ಹೇಳ್ತು. 2016ರ ಫೆಬ್ರುವರಿ 8ಕ್ಕೆ ದರದ ತಾರತಮ್ಯವನ್ನೇ ನಿಷೇಧಿಸಿತು, ತಪ್ಪಿದರೆ ದಿನಕ್ಕೆ 50,000 ರೂಪಾಯಿ ದಂಡ. ಕೆಲವೇ ದಿನಗಳಲ್ಲಿ ಫ್ರೀ ಬೇಸಿಕ್ಸ್ ಭಾರತದಿಂದ ಕಾಲ್ತೆಗೀತು.

ಇದನ್ನ ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ಅಲ್ಲಿ ಕಾರಣ ಕೊಟ್ಟು ಬರೆದ ಪತ್ರಕ್ಕೆ ಬೆಲೆ ಸಿಕ್ತು. ಹಂಗಾದ್ರೆ ಹುನಗುಂದದಿಂದ ಹೋದ ಒಂದು ಪತ್ರಕ್ಕೂ ತೂಕ ಇದೆ.

ತೊಡಕು ಇರೋದು ಭಾಷೆಯಲ್ಲಿ. ಟ್ರಾಯ್‌ನ ಸಮಾಲೋಚನಾ ಪತ್ರಗಳು ದಪ್ಪನೆಯ ಇಂಗ್ಲಿಷ್ ಕಡತಗಳು. ಬಾದಾಮಿಯ ಮೊಬೈಲ್ ಅಂಗಡಿಯವರಿಗೆ ರೀಚಾರ್ಜ್ ದರದ ಬಗ್ಗೆ ದಿಲ್ಲಿಯವರಿಗಿಂತ ಹೆಚ್ಚು ಗೊತ್ತಿರುತ್ತೆ, ಆದ್ರೆ ಪ್ರಶ್ನೆಯೇ ಅವರ ತನಕ ಬರಲ್ಲ. ಇದು ಅನ್ಯಾಯ. ಪರಿಸರ ಪರಿಣಾಮದ ಕರಡು ಅಧಿಸೂಚನೆಗೆ ಸ್ಥಳೀಯ ಭಾಷೆಯಲ್ಲಿ ಸಾಕಷ್ಟು ಪ್ರಚಾರ ಸಿಕ್ಕಿಲ್ಲ ಅಂತ ದೂರು ಹೋದಾಗ, 2020ರ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನ ಅಂತಿಮಗೊಳಿಸದಂತೆ ಕೇಂದ್ರವನ್ನ ತಾತ್ಕಾಲಿಕವಾಗಿ ತಡೆದಿತ್ತು. ಅದೇ ನ್ಯಾಯ ನಮ್ಮ ಫೋನಿಗೂ ಬೇಕಲ್ರೀ?

ಮುಂದಿನ ಸಲ ಟ್ರಾಯ್ ಅಭಿಪ್ರಾಯ ಕೇಳಿದಾಗ ಯಾರದೋ ನಮೂನೆಗೆ ಸಹಿ ಹಾಕಬೇಡ್ರಿ. ಯಾವ ಪ್ರಶ್ನೆಗೆ ಉತ್ತರ ಅಂತ ನಂಬರ್ ಹಾಕಿ, ನಿಮ್ಮೂರಲ್ಲಿ ಎಲ್ಲಿ, ಯಾವಾಗ ಸಿಗ್ನಲ್ ಹೋಯ್ತು, ಯಾವ ದರ ಏರಿತು, ಅದರಿಂದ ವ್ಯಾಪಾರಕ್ಕೆ ಏನಾಯ್ತು, ಅಷ್ಟು ಬರೀರಿ. ಕನ್ನಡದಲ್ಲೇ ಬರೀರಿ. ಕೊನೆಗೆ, ಮುಂದಿನ ಪ್ರಶ್ನೆಗಳನ್ನ ಕನ್ನಡದಲ್ಲೂ ಕಳಿಸಿ ಅಂತ ಒಂದು ಸಾಲು ಸೇರಿಸ್ರಿ.