ಮತ್ತು ಇತರರು

(ವಿಶಾಖಪಟ್ಟಣದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಭಾಷಣ ನನ್ನ ಕಸುಬಲ್ಲ. ಐವತ್ತು ವರ್ಷ ರಂಗದ ಮೇಲೆ ನಿಂತವನು ನಾನೆಂಬುದು ನಿಜ. ಆದರೆ ನಾಲ್ಕು ವಾಕ್ಯಕ್ಕಿಂತ ಹೆಚ್ಚು ಮಾತಿರುವ ಪಾತ್ರ ನನ್ನ ಪಾಲಿಗೆ ಬಂದದ್ದು ಅಪರೂಪ. “ಮಹಾಪ್ರಭು, ಶತ್ರುಸೈನ್ಯ ಕೋಟೆಯ ಬಾಗಿಲಿಗೆ ಬಂದಿದೆ” ಎಂದು ಹೇಳಿ, ನಮಸ್ಕರಿಸಿ, ಹಿಂದೆ ಹಿಂದೆ ನಡೆದು ಒಳಗೆ ಹೋಗುವವನು ನಾನು. ಈ ಹೊತ್ತು ಕಾರ್ಯದರ್ಶಿಗಳು ಕಾಲು ಗಂಟೆ ಕೊಟ್ಟಿದ್ದಾರೆ. ಇಷ್ಟು ದೊಡ್ಡ ಪಾರ್ಟನ್ನು ಯಾವ ಕಂಪನಿಯ ಮಾಲೀಕರೂ ನನಗೆ ಕೊಟ್ಟಿರಲಿಲ್ಲ.

1956ರ ನವೆಂಬರ್ 1ರಂದು ಕನ್ನಡನಾಡು ಒಂದಾಯಿತು. ಅದೇ ದಿನ ಆಂಧ್ರಪ್ರದೇಶವೂ ರೂಪುಗೊಂಡಿತು. ಆದರೆ ನಾಟಕದವರಿಗೆ ಈ ಗಡಿ ಎಂದೂ ಅಷ್ಟು ದೊಡ್ಡದಾಗಿರಲಿಲ್ಲ. ತಾಡಿಪತ್ರಿಯಲ್ಲಿ 1880ರಲ್ಲಿ ಹುಟ್ಟಿ, ಬಳ್ಳಾರಿಯಲ್ಲಿ ವಕೀಲಿ ಮಾಡಿದ ಬಳ್ಳಾರಿ ರಾಘವರನ್ನು ತೆಲುಗರೂ ನಮ್ಮವರೆನ್ನುತ್ತಾರೆ, ನಾವೂ ನಮ್ಮವರೆನ್ನುತ್ತೇವೆ. ಅವರು ಮಹಾನಟರು. ಆದರೆ ಅವರಿಗೆ ವಕೀಲಿಯ ಆಸರೆಯಿತ್ತು. ನಾನು ಹೇಳಹೊರಟಿರುವುದು, ಬಣ್ಣವನ್ನು ಬಿಟ್ಟರೆ ಬೇರೆ ಆಸರೆಯಿಲ್ಲದವರ ಮಾತು.

ಗುಬ್ಬಿ ವೀರಣ್ಣನವರ ಕಂಪನಿಯ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ, ಕುದುರೆಗಳು ರಂಗಕ್ಕೆ ಬರುತ್ತಿದ್ದುವು. ಅದನ್ನು ನೋಡಿದವರು ಆನೆಯನ್ನು ಸಾಯುವತನಕ ನೆನೆದರು. ಆನೆಯ ಪಕ್ಕದಲ್ಲಿ ಈಟಿ ಹಿಡಿದು ನಿಂತವನನ್ನು ಯಾರು ನೆನೆದಾರು? ಅದೇ ಕಂಪನಿಯಲ್ಲಿದ್ದ ಮುತ್ತುರಾಜ ಎಂಬ ಹುಡುಗ 1954ರಲ್ಲಿ ‘ಬೇಡರ ಕಣ್ಣಪ್ಪ’ನಾಗಿ, ರಾಜಕುಮಾರ್ ಎಂದು ನಾಡಿಗೆಲ್ಲ ಬೇಕಾದವರಾದರು, ತೆಲುಗಿನ ‘ಕಾಳಹಸ್ತಿ ಮಹಾತ್ಮ್ಯಂ’ನಲ್ಲಿಯೂ ಅವರೇ ಕಣ್ಣಪ್ಪ. ಅವರ ತಂದೆ ಪುಟ್ಟಸ್ವಾಮಯ್ಯನವರು ಕೊನೆಯವರೆಗೆ ಕಂಪನಿಯ ನಟರಾಗಿಯೇ ಇದ್ದವರು. ಸಾವಿರ ಮಂದಿ ಬಣ್ಣ ಹಚ್ಚಿದರೆ ಒಬ್ಬರು ರಾಜಕುಮಾರರಾಗುತ್ತಾರೆ. ಉಳಿದವರೇನೂ ಸೋತವರಲ್ಲ; ಅವರು ಕೆಲಸದವರು. ಬಡಗಿ ಬಾಗಿಲು ಮಾಡುವಂತೆ, ಅವರು ಸಂಜೆಯ ಆಟವನ್ನು ಮಾಡುತ್ತಾರೆ.

ನಾನು 1963ರಲ್ಲಿ, ಹದಿನಾರನೆಯ ವಯಸ್ಸಿಗೆ ಒಂದು ಕಂಪನಿ ಸೇರಿದೆ. ಊಟ ಕಂಪನಿಯದು, ಸಂಬಳ ತಿಂಗಳಿಗೊಮ್ಮೆ. ಕಲೆಕ್ಷನ್ನು ಚೆನ್ನಾಗಿದ್ದರೆ ಮಾತ್ರ ಆ ತಿಂಗಳಿಗೇ. ಮಳೆಗಾಲದಲ್ಲಿ ತಗಡಿನ ಮೇಲೆ ಮಳೆ ಬಿದ್ದರೆ ಮಾತು ಕೇಳಿಸದು, ಜನ ಬಾರರು. ಆಗ ಅರ್ಧ ಸಂಬಳ. ಕಾಯಿಲೆಗೋ ಮದುವೆಗೋ ಮುಂಗಡ ಪಡೆದವನು ಅದು ತೀರುವತನಕ ಬೇರೆ ಕಂಪನಿಗೆ ಹೋಗುವಂತಿಲ್ಲ. ಅದು ತೀರುವ ಹೊತ್ತಿಗೆ ಇನ್ನೊಂದು ಕಾಯಿಲೆ. ನನ್ನ ಮುಂಗಡ ತೀರಲು ಹನ್ನೊಂದು ವರ್ಷ ಹಿಡಿಯಿತು.

ಬಾದಾಮಿಯ ಹತ್ತಿರದ ಬನಶಂಕರಿಯಲ್ಲಿ ಬನದ ಹುಣ್ಣಿಮೆಗೆ ಜಾತ್ರೆ. ಅಲ್ಲಿ ಸಾಲುಸಾಲಾಗಿ ನಾಟಕ ಕಂಪನಿಗಳು ಥಿಯೇಟರು ಕಟ್ಟುತ್ತವೆ. ನಮಗೆ ಅದು ಸುಗ್ಗಿ. ಒಂದು ಆಟ ಮುಗಿದರೆ ಇನ್ನೊಂದು. ಮುಖ ತೊಳೆಯುವುದಕ್ಕೂ ಬಿಡುವಿಲ್ಲದೆ, ಬಣ್ಣದಲ್ಲಿಯೇ ಅವಲಕ್ಕಿ ತಿಂದು, ಪರದೆಯ ಹಿಂದೆ ಕುಳಿತಲ್ಲಿಯೇ ತೂಕಡಿಸುತ್ತಿದ್ದೆವು. ಪಾತ್ರ ಮಾಡುವ ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಕೂಸನ್ನು ಪೆಟ್ಟಿಗೆಯ ಮೇಲೆ ಮಲಗಿಸಿ, ಹಾಲೂಡಿಸಿದ ಸೆರಗನ್ನು ಸರಿಪಡಿಸಿಕೊಂಡು ಹೋಗಿ ನಗಿಸುವ ಪಾತ್ರ ಮಾಡಬೇಕು. ಮರುದಿನ ಬೆಳಿಗ್ಗೆ ಬಾಡಿಗೆಗೆ ಮನೆ ಕೇಳಿದರೆ, “ನಾಟಕದವರಿಗೆ ಕೊಡುವುದಿಲ್ಲಮ್ಮ.” ಕ್ಯಾಂಪು ಬದಲಾದ ಹಾಗೆಲ್ಲ ಮಕ್ಕಳ ಶಾಲೆಯೂ ಬದಲು. ನನ್ನ ಮಗ ಏಳು ಶಾಲೆಗಳಲ್ಲಿ ಓದಿದವನು. ಅವನಿಗೆ ಈ ಊರಿನಲ್ಲಿ ಕೆಲಸ ಸಿಕ್ಕಿದ್ದರಿಂದಲೇ ನಾನು ಇಂದು ನಿಮ್ಮೆದುರಿಗಿದ್ದೇನೆ.

ವಿಜಯವಾಡದಲ್ಲಿರುವ ಮಗಳ ಮನೆಗೆ ಹೋಗಿದ್ದೆ. 2019ರ ಶಿವರಾತ್ರಿಯ ಮರುದಿನ ಬೆಳಗಿನ ಜಾವ, ಈ ಕಡೆಯ ಗಾಡಿಗಾಗಿ ನಿಲ್ದಾಣದಲ್ಲಿ ಕಾಯುತ್ತಿದ್ದೆ. ತಗಡಿನ ಪೆಟ್ಟಿಗೆಯ ಮೇಲೆ ತಲೆಯಿಟ್ಟು ಒಬ್ಬರು ಮಲಗಿದ್ದರು. ಅವರ ಕಿವಿಯ ಹಿಂದೆ ನೀಲಿ ಬಣ್ಣ ಉಳಿದಿತ್ತು. ತೆಂಗಿನೆಣ್ಣೆ ಅಲ್ಲಿಗೆ ಮುಟ್ಟಿರಲಿಲ್ಲ. ಅವರು ಎದ್ದಾಗ, ನನಗೆ ಬರುವ ತೆಲುಗಿನಲ್ಲಿ ಕೇಳಿದೆ: “ಎಂತ ಇಚ್ಚಾರು ಅನ್ನಾ?” ಅವರು ನಕ್ಕುಬಿಟ್ಟರು. ಎಷ್ಟು ಕೊಟ್ಟರು ಎಂದು ಮೊದಲು ಕೇಳುವವನು ನಟನೇ ಹೊರತು ಪ್ರೇಕ್ಷಕನಲ್ಲವೆಂದು ಅವರಿಗೆ ತಿಳಿಯಿತು.

ಅವರು ಪದ್ಯನಾಟಕದವರು. ಆ ನಾಟಕಗಳಲ್ಲಿ ಒಂದೇ ರಾತ್ರಿ ಮೂವರು ನಾಲ್ವರು ಕೃಷ್ಣರು ಬರುವುದುಂಟೆಂದು ನೀವೆಲ್ಲ ಬಲ್ಲಿರಿ. ಹೆಸರುವಾಸಿಯಾದ ಕೃಷ್ಣನಿಗೆ ರಾಯಭಾರದ ದೃಶ್ಯ, ‘ಒನ್ಸ್ ಮೋರ್’. ಇವರಿಗೆ ಸಣ್ಣದೊಂದು ದೃಶ್ಯ. ಶಿವರಾತ್ರಿಯಿಂದ ಶ್ರೀರಾಮನವಮಿಯವರೆಗಿನ ಆಟಗಳೇ ಅವರಿಗೆ ವರ್ಷದ ಅನ್ನ. ಮರುವರ್ಷ, 2020ರ ಯುಗಾದಿಯ ದಿನವೇ ದೇಶಕ್ಕೆಲ್ಲ ಬೀಗ ಬಿತ್ತು. ಫೋನು ಮಾಡಿದಾಗ, “ಕೃಷ್ಣನ ಕಿರೀಟವನ್ನು ಅಡವಿಟ್ಟರೆ ಯಾರೂ ತೆಗೆದುಕೊಳ್ಳುವುದಿಲ್ಲ” ಎಂದರು. ನಗೆಯ ಮಾತೆಂದು ನಾನು ನಗಲಿಲ್ಲ. 2022ರ ಜನವರಿಯಲ್ಲಿ, ಒಂದು ಸಮುದಾಯವನ್ನು ಹೀಯಾಳಿಸುತ್ತದೆಂಬ ದೂರಿನ ಮೇಲೆ, ಕಾಳ್ಳಕೂರಿ ನಾರಾಯಣರಾಯರ ‘ಚಿಂತಾಮಣಿ’ ನಾಟಕವನ್ನು ಇಲ್ಲಿಯ ಸರಕಾರ ನಿಷೇಧಿಸಿತು. ಅದರ ಸರಿತಪ್ಪು ಹೇಳುವಷ್ಟು ದೊಡ್ಡವನು ನಾನಲ್ಲ. ಆದರೆ ನಾಟಕ ಬರೆದವನು ಅವರಲ್ಲ, ಆರಿಸಿದವರೂ ಅವರಲ್ಲ. ಕೂಲಿ ತಪ್ಪಿದ್ದು ಮಾತ್ರ ಅವರಿಗೆ.

ಇನ್ನು ನನ್ನದೊಂದು ಸಂಗತಿ. ವಯಸ್ಸಾದ ಕಲಾವಿದರಿಗೆ ಕರ್ನಾಟಕ ಸರಕಾರ ಮಾಸಾಶನ ಕೊಡುತ್ತದೆ. ನಾನೂ ಅರ್ಜಿ ಹಾಕಿದೆ. “ನೀವು ನಟರೆಂಬುದಕ್ಕೆ ಆಧಾರವೇನು?” ಎಂದು ಕೇಳಿದರು. ಕೇಳಿದವರ ತಪ್ಪಲ್ಲ, ಕಾಗದ ನೋಡುವುದೇ ಅವರ ಕೆಲಸ. ಪೆಟ್ಟಿಗೆಯಲ್ಲಿದ್ದ ಹಳೆಯ ಹ್ಯಾಂಡ್‌ಬಿಲ್ಲುಗಳನ್ನೆಲ್ಲ ಹರಡಿದೆ. ರಾಜನ ಹೆಸರು ದಪ್ಪ ಅಕ್ಷರದಲ್ಲಿತ್ತು, ರಾಣಿಯ ಹೆಸರಿತ್ತು, ಹಾಸ್ಯನಟನ ಹೆಸರಿತ್ತು. ಕೊನೆಯ ಸಾಲಿನಲ್ಲಿ, “ಮತ್ತು ಇತರರು.” ಆ ‘ಇತರರು’ ನಾನೇ ಎಂದು ಬೆರಳಿಟ್ಟು ತೋರಿಸಿದೆ. ಅವರು ಕನಿಕರದಿಂದ ನನ್ನ ಮುಖ ನೋಡಿದರು. ಕನಿಕರಕ್ಕೆ ಮೊಹರು ಬೀಳುವುದಿಲ್ಲ.

ಕೊನೆಗೆ ಸಿಕ್ಕಿದ್ದು ಹೊರನಾಡಿನ ಒಂದು ಕನ್ನಡ ಸಂಘದ ಹಳೆಯ ಸ್ಮರಣಸಂಚಿಕೆ. ನಮ್ಮ ಆಟ ಆಡಿಸಿದ್ದ ಆ ಸಂಘದ ಯಾರೋ ಪುಣ್ಯಾತ್ಮರು, ಬಣ್ಣದ ಕೋಣೆಗೆ ಬಂದು, ಒಬ್ಬೊಬ್ಬರನ್ನೂ ಕೇಳಿ ಹೆಸರು ಬರೆದುಕೊಂಡು ಹೋಗಿದ್ದರು. ಹಾರ್ಮೋನಿಯಂ ಮಾಸ್ತರು, ಪರದೆ ಎಳೆಯುವ ಹುಡುಗ, ಅಡಿಗೆಯವರು ಎಲ್ಲರ ಹೆಸರೂ ಅಚ್ಚಾಗಿತ್ತು. ಹದಿನಾಲ್ಕನೆಯದು ನನ್ನದು: ‘ದೂತ’. ಆ ಒಂದು ಪುಟದಿಂದ ನನಗೆ ಮಾಸಾಶನ ಬಂತು. ಆ ಪಟ್ಟಿಯ ನೆರಳಿನಲ್ಲಿ ಇನ್ನಿಬ್ಬರಿಗೂ ಬಂತು. ಮೂರನೆಯವನನ್ನು ಹುಡುಕಿಕೊಂಡು ಹೋದೆ. ಅವನು ಆಗಲೇ ತೀರಿಕೊಂಡಿದ್ದ.

ಆದ್ದರಿಂದ ಈ ಎರಡೂ ಊರುಗಳ ಕನ್ನಡಿಗರಲ್ಲಿ ಮೂರು ಕೋರಿಕೆ. ನೀವು ತಂಡವೊಂದನ್ನು ಕರೆಸಿದಾಗ, ಹಾರ ಶಾಲುಗಳ ಖರ್ಚಿಗೆ ಮುಂಚೆ ದಾರಿಯ ಖರ್ಚನ್ನೂ ರಾತ್ರಿಯ ಊಟವನ್ನೂ ಗೊತ್ತುಮಾಡಿ. ಆಟ ಮುಗಿದ ಮೇಲೆ ಊಟ ತಣ್ಣಗಿರುವುದು ನಮಗೆ ಅಭ್ಯಾಸವೇ, ಆದರೂ ಇರಲಿ. ಎರಡನೆಯದು, ಒಪ್ಪಿದ ಹಣವನ್ನು ಅಂದೇ ರಾತ್ರಿ, ಚಿಕ್ಕ ಪಾತ್ರದವರ ಕೈಗೂ ತಲಪುವಂತೆ ಕೊಡಿ. ಮೂರನೆಯದು, ಎಲ್ಲರ ಹೆಸರನ್ನೂ ಅಚ್ಚು ಹಾಕಿಸಿ. ಅದಕ್ಕೆ ಬೇಕಾದದ್ದು ಅರ್ಧ ಪುಟ. ಒಂದು ಜಾಹೀರಾತು ಕಡಮೆಯಾದೀತು, ಅಷ್ಟೇ.

ಈ ಸಂಜೆ ನಿಮ್ಮ ಮಕ್ಕಳು ಆಡುವ ನಾಟಕದಲ್ಲಿ ಕಾವಲುಗಾರನ ಪಾತ್ರದ ಹುಡುಗನೊಬ್ಬನಿದ್ದಾನೆ. ಬೆಳಿಗ್ಗೆ ಅವನು ಮುಖ ಊದಿಸಿಕೊಂಡಿದ್ದ, ಒಂದೇ ಮಾತಂತೆ. ಆ ಒಂದು ಮಾತನ್ನು ಎಲ್ಲಿ ನಿಂತು ಹೇಳಿದರೆ ಕಡೆಯ ಸಾಲಿಗೆ ಕೇಳಿಸುತ್ತದೆಂದು ತೋರಿಸಿಕೊಡುತ್ತೇನೆಂದು ಅವನಿಗೆ ಮಾತು ಕೊಟ್ಟಿದ್ದೇನೆ. ಅವನು ಅಲ್ಲಿ ಬಾಗಿಲಲ್ಲಿ ಕಾಯುತ್ತಿದ್ದಾನೆ. ನನಗೆ ಅಪ್ಪಣೆ ಕೊಡಿ.