ಪೆಲಾರ್ಗೋನಿಯಂ ಸಂಕರ ತಳಿಗಳು: ಹೂವಿನಾಚೆಗಿನ ದಾಖಲೆ



ನರ್ಸರಿಗಳಲ್ಲಿ ಜೆರೇನಿಯಂ ಎಂದು ಮಾರಾಟವಾಗುವ ಪೆಲಾರ್ಗೋನಿಯಂ ಗಿಡಗಳಿಗೆ ನಾವು ಬೆಲೆ ಕಟ್ಟುವುದೂ ಬಹುಮಾನ ಕೊಡುವುದೂ ಹೂ ನೋಡಿಯೇ. ಆದರೆ ಒಂದು ಸಂಕರ ಬದುಕುತ್ತದೋ ಇಲ್ಲವೋ ಎಂಬುದು ಎಷ್ಟೋ ಸಲ ಮೊಗ್ಗು ಮೂಡುವ ಮೊದಲೇ, ಎಳೆಯ ಸಸಿಯ ಎಲೆಯಲ್ಲಿ ಇತ್ಯರ್ಥವಾಗಿರುತ್ತದೆ. ತಳಿಯ ದಾಖಲೆ ಹೂವಿನ ವರ್ಣನೆಗೆ ನಿಲ್ಲಬಾರದು ಎಂಬುದೇ ನನ್ನ ವಾದ.

ಈ ಕುಲದ ಸುಮಾರು 280 ಪ್ರಭೇದಗಳಲ್ಲಿ ಹೆಚ್ಚಿನವು ದಕ್ಷಿಣ ಆಫ್ರಿಕಾದವು, ಅದರಲ್ಲೂ ಕೇಪ್ ಪ್ರದೇಶದವು. ಇವುಗಳ ಹೂವಿನಲ್ಲಿ ಮೇಲಿನ ಎರಡು ಎಸಳು ಒಂದು ಬಗೆ, ಕೆಳಗಿನ ಮೂರು ಇನ್ನೊಂದು ಬಗೆ. ಎಲ್ಲ ಎಸಳೂ ಒಂದೇ ತೆರನಾಗಿರುವ ನಿಜವಾದ ಜೆರೇನಿಯಂ ಹೂವಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಕಾಣುತ್ತದೆ. ಝೋನೇಲ್, ಇನ್‌ಕ್ವಿನನ್ಸ್ ಪ್ರಭೇದಗಳ ಬೆರಕೆಯಿಂದ ಕುಂಡಗಳ ಝೋನಲ್ ತಳಿಗಳು ಹುಟ್ಟಿದವು. ಕುಕುಲೇಟಮ್ ಪ್ರಭೇದ ಮತ್ತದರ ನೆಂಟರಿಂದ ದೊಡ್ಡ ಹೂವಿನ ರೀಗಲ್‌ಗಳು. ಯುರೋಪಿನ ತೋಟಗಾರರು ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ಸಾಹದಿಂದ ಬೆರಕೆ ಮಾಡಿದರು. ತಾಯಿ ಯಾವುದು, ತಂದೆ ಯಾವುದು ಎಂದು ಬರೆದಿಡುವ ತಾಳ್ಮೆ ಎಲ್ಲರಿಗೂ ಇರಲಿಲ್ಲ. ಅದು ಎಂಥ ನಷ್ಟವೆಂದು ಗೊತ್ತಾದದ್ದು 1909ರಲ್ಲಿ. ಜರ್ಮನಿಯ ತಳಿವಿಜ್ಞಾನಿ ಎರ್ವಿನ್ ಬೌರ್ ಬಿಳಿಯಂಚಿನ ಎಲೆಯ ಗಿಡವನ್ನು ಹಸಿರು ಗಿಡದೊಂದಿಗೆ ಬೆರೆಸಿದಾಗ ಹಸಿರು, ಚಿತ್ತಾರದ, ಪೂರಾ ಬಿಳಿಯ ಸಸಿಗಳು ಹುಟ್ಟಿದವು. ಅವುಗಳ ಪ್ರಮಾಣ ಮೆಂಡಲನ ಅನುವಂಶೀಯತೆಯ ಲೆಕ್ಕಕ್ಕೆ ಸಿಗಲಿಲ್ಲ. ಕಾರಣವಿಷ್ಟೇ: ಎಲೆಗೆ ಹಸಿರು ಕೊಟ್ಟು ಆಹಾರ ತಯಾರಿಸುವ ಹರಿತ್ತುಕಣ ಬಹುತೇಕ ಹೂಗಿಡಗಳಲ್ಲಿ ತಾಯಿಯಿಂದ ಮಾತ್ರ ಬರುತ್ತದೆ. ಪೆಲಾರ್ಗೋನಿಯಂನಲ್ಲಿ ಪರಾಗವೂ ಅದನ್ನು ಹೊತ್ತು ತರುತ್ತದೆ, ಹಾಗಾಗಿ ತಾಯಿ ಯಾವುದು, ತಂದೆ ಯಾವುದು ಎಂಬ ದಾಖಲೆ ಮುಖ್ಯ. ಒಂದು ಪ್ರಭೇದದ ಹರಿತ್ತುಕಣಕ್ಕೆ ಬೆರಕೆಯ ಕೋಶಕೇಂದ್ರ ಒಗ್ಗದಿದ್ದರೆ ಎಲೆ ಬಿಳಿಚಿಕೊಳ್ಳುತ್ತದೆ. ಪೂರಾ ಬಿಳಿಯ ಸಸಿ ತನ್ನ ಅನ್ನ ತಾನು ಮಾಡಿಕೊಳ್ಳಲಾರದೆ ಸಾಯುತ್ತದೆ. ಅದರ ಹೂ ಎಷ್ಟು ಚೆಂದವಿರುತ್ತಿತ್ತು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಗಿರಾಕಿ ಕೊಳ್ಳುವುದು ಹೂವನ್ನು, ಹರಿತ್ತುಕಣವನ್ನಲ್ಲ ಎಂದು ಬೆಳೆಗಾರರು ಆಕ್ಷೇಪಿಸಬಹುದು. ಮಾತು ನ್ಯಾಯವೇ. ಒಳ್ಳೆಯ ತಳಿಯೊಂದು ಕೈಗೆ ಬಂದ ಮೇಲೆ ಕಡ್ಡಿ ನೆಟ್ಟು ಎಷ್ಟು ಬೇಕಾದರೂ ಹೆಚ್ಚಿಸಬಹುದು. ಎಲ್ಲಕ್ಕೂ ಎಲೆಯೇ ಕಾರಣ ಎಂದೂ ನಾನು ಹೇಳುತ್ತಿಲ್ಲ. ರೀಗಲ್‌ಗಳಲ್ಲಿ ಮೊಗ್ಗು ಮೂಡಲು ಕೆಲವು ವಾರಗಳ ತಂಪು ಬೇಕು, ಅದು ಹವೆಯ ಮಾತು. ಆದರೆ ಮುಂದಿನ ಬೆರಕೆಗೆ ಕೈಹಾಕುವವರಿಗೆ ಕಡ್ಡಿ ಏನನ್ನೂ ಹೇಳಿಕೊಡುವುದಿಲ್ಲ. ಇನ್ನು, ದಕ್ಷಿಣ ಭಾರತದಲ್ಲಿ ಸುಗಂಧ ತೈಲಕ್ಕಾಗಿ ಬೆಳೆಯುವ ಗುಲಾಬಿ ಪರಿಮಳದ ಜೆರೇನಿಯಂ ಕೂಡ ಸಂಕರವೇ. ಅದರಲ್ಲಿ ಹೂ ನೆಪಮಾತ್ರ, ಫಸಲೆಂದರೆ ಸೊಪ್ಪು.

ಡಿಎನ್ಎ ಪರೀಕ್ಷೆ ಇರುವಾಗ ಈ ಹಳೆಯ ಬರವಣಿಗೆ ಏಕೆ ಎಂಬುದು ಇನ್ನೊಂದು ಆಕ್ಷೇಪ, ಇದು ಹೆಚ್ಚು ಬಲವಾದದ್ದು. ಬದುಕಿರುವ ಗಿಡದ ವಂಶವನ್ನು ಆ ಪರೀಕ್ಷೆ ಚೆನ್ನಾಗಿಯೇ ಹೇಳುತ್ತದೆ. ಬಿತ್ತಿದ ತಟ್ಟೆಯಲ್ಲೇ ಬಿಳಿಚಿ ಸತ್ತ ಸಸಿಗಳ ಸಂಖ್ಯೆಯನ್ನು ಅದು ಹೇಳಲಾರದು. ತಾಯಿ ತಂದೆಯರನ್ನು ಅದಲುಬದಲು ಮಾಡಿದಾಗ ಆ ಸಂಖ್ಯೆ ಏರಿತೋ ಇಳಿಯಿತೋ ಎಂಬುದನ್ನೂ ಹೇಳಲಾರದು. ಈ ಎರಡು ಸಂಗತಿಗಳಿಗೆ ನಮ್ಮ ತಳಿ ನೋಂದಣಿಯ ನಮೂನೆಯಲ್ಲಿ ಅಂಕಣಗಳನ್ನು ಸೇರಿಸುವುದು ಹೇಗೆ ಎಂಬುದನ್ನು ಈ ಸಮ್ಮೇಳನದ ಮೊದಲ ಗೋಷ್ಠಿ ಚರ್ಚಿಸಲಿ.