ಆಟ ಕಲಿಸಿದ ಇಂಗ್ಲಿಷ್
ಹುಕ್ಕೇರಿ ತಾಲೂಕಿನ ಘೋಡಗೇರಿಯಂಥ ಗಡಿನಾಡಿನ ಊರುಗಳಿಗೆ ಮನರಂಜನೆಯಿಂದ ಭಾಷೆ ಕಲಿಯುವುದು ಹೊಸದಲ್ಲ. 1952ರಲ್ಲಿ ರೇಡಿಯೊ ಸಿಲೋನ್‌ನಲ್ಲಿ ಅಮೀನ್ ಸಯಾನಿಯವರ ಹಿಂದಿ ಚಿತ್ರಗೀತೆಗಳ ಕಾರ್ಯಕ್ರಮ ಬಿನಾಕಾ ಗೀತಮಾಲಾ ಶುರುವಾಯಿತು. ಹಾಡು ಕೇಳುತ್ತಲೇ ಎಷ್ಟೋ ಕನ್ನಡಿಗರು ಹಿಂದಿ ಕಲಿತರು. ಕ್ರಿಕೆಟ್ ವೀಕ್ಷಕ ವಿವರಣೆ ಇಂಗ್ಲಿಷನ್ನು ಹೊಲದ ಬದುವಿಗೂ ತಂದಿತು. ಶಾಲೆಯಲ್ಲಿ ಸ್ಪೆಲಿಂಗ್‌ಗೆ ಹೆದರುವ ಹುಡುಗ ಮೈದಾನದಲ್ಲಿ ‘ನೋ ಬಾಲ್’, ‘ರನ್ ಔಟ್’, ‘ವೆಲ್ ಪ್ಲೇಯ್ಡ್’ ಎಂದು ತಡವರಿಸದೆ ಕೂಗುತ್ತಾನೆ. ಸಂದರ್ಭವೇ ಅವನಿಗೆ ಅರ್ಥ ಹೇಳಿಕೊಟ್ಟಿತು.

ಆದರೆ ಬರೀ ನೋಡಿದರೆ ಸಾಲದು. ಇಂಗ್ಲಿಷ್ ಸಿನಿಮಾ ನೋಡುವಾಗ ಪರದೆಯ ಕೆಳಗೆ ಇಂಗ್ಲಿಷ್ ಸಾಲುಗಳನ್ನೇ ಹಾಕಿಕೊಳ್ಳಿ. ಇಷ್ಟವಾದ ಮಾತನ್ನು ಜೋರಾಗಿ ಹೇಳಿ, ಬರೆದಿಡಿ. ನುಡಿಗಟ್ಟನ್ನು ಬಿಡಿಬಿಡಿಯಾಗಿ ಒಡೆಯದೆ ಇಡಿಯಾಗಿ ಕಲಿಯಿರಿ. ಅಂದೇ ಯಾರೊಡನಾದರೂ ಬಳಸಿ, ತಪ್ಪಾದರೆ ನಾಚಬೇಡಿ. ಬಳಸಿದಷ್ಟೂ ಭಾಷೆ ನಮ್ಮದಾಗುತ್ತದೆ.